ಒಂದೇ ಪೈಪಿನಲ್ಲಿ ಎರಡು ಕೇಬಲ್

ಇದು 2013ನೇ ಇಸವಿಯ ಮಾತು. ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಅಂದರೆ ನಾನೊಬ್ಬಳೇ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ "ರೇಣುಕಾ ಮೇಡಂ ಎಲ್ಲದಾರ?", ಟಿವಿ ರಿಮೋಟಿನ ಸೆಲ್ ಮುಗಿದರೂ "ರೇಣುಕಾ ಮೇಡಂ ಎಲ್ಲದಾರ?" ನನ್ನ ತವರು ಯಲಬುರ್ಗಾ, ಓದಿದ್ದು ಡಿಪ್ಲೊಮಾ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಇಷ್ಟು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವುದು ಸುಲಭ.

ಆ ವರ್ಷ ಆಸ್ಪತ್ರೆಗೆ ರಸ್ತೆಯ ಆಚೆ ಬದಿಗೆ ಒಂದು ಹೊಸ ಕಟ್ಟಡ ಎದ್ದಿತು. ಹಳೆಯ ಕಟ್ಟಡದಲ್ಲಿ ಹೆರಿಗೆ ವಾರ್ಡು, ಹೊಸದರಲ್ಲಿ ಆಪರೇಷನ್ ಕೋಣೆ, ಲ್ಯಾಬು ಮತ್ತು ರಕ್ತ ಇಡುವ ಫ್ರಿಜ್ಜು. ಅಲ್ಲಿಯವರೆಗೆ ದೊಡ್ಡ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ರಕ್ತದ ಚೀಲಗಳ ವಿವರವನ್ನೂ ಕಂಪ್ಯೂಟರಿಗೆ ಹಾಕಬೇಕು ಅಂತ ನಮ್ಮ ದೊಡ್ಡ ಡಾಕ್ಟರು ತೀರ್ಮಾನಿಸಿದರು. ಯಾವ ಚೀಲ, ಯಾವ ಗುಂಪು, ಯಾರ ಹೆಸರಿಗೆ ಹೋಯಿತು ಅನ್ನುವುದು ಎರಡೂ ಕಟ್ಟಡದಲ್ಲಿ ಕೂತವರಿಗೆ ಅದೇ ಕ್ಷಣ ಕಾಣಬೇಕು. "ರೇಣುಕಾ, ಇದು ನಿನ್ನ ಜವಾಬ್ದಾರಿ. ಒಂದ ನಿಮಿಷ ಸೈತ ನಿಲ್ಲಬಾರದು ನೋಡು" ಅಂದರು. ನಾನೂ ಹಿಂದೆಮುಂದೆ ನೋಡದೆ "ನಿಲ್ಲೂದಿಲ್ರಿ ಸರ್" ಅಂದುಬಿಟ್ಟೆ.

ಅಂದುಬಿಟ್ಟ ಮೇಲೆ ಮಾಡಲೇಬೇಕಲ್ಲ. ಹಗಲೆಲ್ಲ ಅದರದೇ ಧ್ಯಾನ. ಕೊನೆಗೆ ಎರಡು ಸರ್ವರ್ ಇಡುವುದು ಅಂತ ನಿರ್ಧಾರವಾಯಿತು. ಒಂದು ಹಳೆಯ ಕಟ್ಟಡದಲ್ಲಿ, ಇನ್ನೊಂದು ಹೊಸದರಲ್ಲಿ. ಎರಡರಲ್ಲೂ ಅದೇ ಮಾಹಿತಿ. ಒಂದು ಕೆಟ್ಟರೆ ಇನ್ನೊಂದು ಯಜಮಾನಿಕೆ ವಹಿಸಿಕೊಳ್ಳುತ್ತದೆ. ಅದಕ್ಕಾಗಿ ಅವೆರಡೂ ಸದಾ "ಇದ್ದೀಯಾ?", "ಇದ್ದೀನಿ" ಅಂತ ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರುತ್ತವೆ. ನಡುವಿನ ಕೇಬಲ್ ಕಡಿದುಹೋದರೆ ಮಾತ್ರ ಫಜೀತಿ. ಆಚೆಯದು ಸತ್ತೇಹೋಯಿತು ಅಂದುಕೊಂಡು ಎರಡೂ ತಾವೇ ಯಜಮಾನರು ಅಂತ ಕೂತುಬಿಡುತ್ತವೆ. ಈಗ ಇದಕ್ಕೆ ಬೇರೆ ಬೇರೆ ಉಪಾಯಗಳಿವೆ. ಅಂದು ನನ್ನ ಕೈಯಲ್ಲಿದ್ದ ಉಪಾಯ ಒಂದೇ. ಕೇಬಲ್ ಎರಡು ಇರಬೇಕು, ಅವುಗಳ ಹಾದಿ ಬೇರೆ ಬೇರೆ ಇರಬೇಕು. ಹಾಗಾಗಿ ಒಂದು ಫೈಬರ್ ಕೇಬಲ್ ರಸ್ತೆಯ ಕೆಳಗೆ ಪೈಪಿನಲ್ಲಿ, ಇನ್ನೊಂದು ಈ ಮಾಳಿಗೆಯಿಂದ ಆ ಮಾಳಿಗೆಗೆ ಕಬ್ಬಿಣದ ತಂತಿಯ ಆಸರೆಯಲ್ಲಿ ಮೇಲಿನಿಂದ. ಕೆಂಪು, ನೀಲಿ ಪೆನ್ನಿನಿಂದ ನಕ್ಷೆ ಬರೆದೆ. ಬರೆದು ನಾನೇ ನಾಲ್ಕು ಸಲ ನೋಡಿ ಖುಷಿಪಟ್ಟೆ.

ಕಟ್ಟಡದ ಕೆಲಸ ಬಸಣ್ಣ ಅನ್ನುವ ಗೌಂಡಿಯದು. ಐವತ್ತೈದರ ಆಸುಪಾಸಿನ ಮನುಷ್ಯ, ಊರು ಹಿಟ್ನಾಳದ ಕಡೆ. ಗೋಡೆ ಕಟ್ಟಿದರೆ ಮೇಲೆ ಕೈಯಾಡಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕೂದಲೆಳೆಯಷ್ಟು ಸೊಟ್ಟ ಕಂಡರೂ ಅವನ ಮುಖ ಸಣ್ಣಗಾಗುತ್ತಿತ್ತು. ನಾನು ಅವನನ್ನು ಕಾಕಾ ಅನ್ನುತ್ತಿದ್ದೆ, ಅವನು ನನ್ನನ್ನು ಮೇಡಮ್ಮಾರ ಅನ್ನುತ್ತಿದ್ದ. ಕೇಬಲ್ ಎಲ್ಲಿ ಹೋಗಬೇಕು ಅಂತ ನಕ್ಷೆ ಹಿಡಿದು ತೋರಿಸಿದೆ. "ತಿಳೀತ್ರಿ, ನೀವು ನಿಶ್ಚಿಂತಿ ಹೋಗಿ ಬರ್ರಿ" ಅಂದ. ತಂಗಿಯ ಮಗುವಿಗೆ ತೊಟ್ಟಿಲ ಕಾರ್ಯ ಇತ್ತು. ಎರಡು ದಿನ ರಜೆ ಹಾಕಿ ಯಲಬುರ್ಗಾಕ್ಕೆ ಹೋದೆ.

ವಾಪಸು ಬಂದಾಗ ಕಟ್ಟಡ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಮುಂಭಾಗಕ್ಕೆ ಬಣ್ಣ, ಮಾಳಿಗೆಯ ಕೈಗೋಡೆಗೆ ನಯವಾದ ಸಿಮೆಂಟು ಗಿಲಾವು. ಸರ್ವರ್ ಕೋಣೆಗೆ ಹೋಗಿ ನೋಡಿದೆ. ಎರಡೂ ಕೇಬಲ್ ಬಂದಿವೆ, ಎರಡರ ಹಸಿರು ದೀಪವೂ ಮಿನುಗುತ್ತಿದೆ. ಸಂತೋಷವಾಯಿತು. ಹೊರಗೆ ಬಂದು ತಲೆ ಎತ್ತಿ ಆಕಾಶ ನೋಡಿದೆ. ಮಾಳಿಗೆಯಿಂದ ಮಾಳಿಗೆಗೆ ಏನೂ ಇಲ್ಲ.

"ಕಾಕಾ, ಮ್ಯಾಲಿನ ಕೇಬಲ್ ಎಲ್ಲಿ?" ಅಂದೆ.

ಬಸಣ್ಣ ಹೆಮ್ಮೆಯಿಂದ ನಕ್ಕ. "ಅದನ್ನೂ ಕೆಳಗಿನ ಪೈಪಿನ್ಯಾಗ ಹಾಕೀನ್ರಿ. ಜಾಗಾ ಇತ್ತು. ಅಷ್ಟು ಛಂದ ಕಟ್ಟಡದ ಮುಂದ ಅರಿವಿ ಒಣಹಾಕೂ ಹಗ್ಗ ಕಟ್ಟಿದಂಗ ಕಾಣತಿತ್ತು. ನೀವು ಎರಡು ಅಂದಿದ್ರಿ, ಎರಡೂ ಅದಾವ. ಎಣಿಸಿ ನೋಡ್ರಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ಕಳ್ಳತನ ಮಾಡಿರಲಿಲ್ಲ, ಸೋಮಾರಿತನ ಮಾಡಿರಲಿಲ್ಲ. ಚೆಂದ ಕಾಣಲಿ ಅಂತ ಮಾಡಿದ್ದ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಒಂದ ಗುದ್ದಲಿ ಏಟಿಗೆ ಎರಡೂ ಹೋಗ್ತಾವಲ್ಲ ಕಾಕಾ! ಎರಡು ಹಾಕಿ ಏನು ಬಂತು? ಮ್ಯಾಲಿಂದನ ಹೋಗಬೇಕು. ಕೇಬಲ್ ಒಳಗ ಬರಾಕ ಆ ಕೈಗ್ವಾಡಿ ಒಡೀರಿ" ಅಂದೆ.

"ನಿನ್ನೆ ಬಣ್ಣ ಹಚ್ಚಿದ ಗ್ವಾಡಿ, ನಾ ಒಡ್ಯಾವಲ್ಲ" ಅಂತ ಅವನು ಗಾರೆ ಬಳಿಯುವ ಕರಣಿ ತಗೊಂಡು ಹೊರಟೇಹೋದ.

ದೊಡ್ಡ ಡಾಕ್ಟರ ಹತ್ತಿರ ಹೋದೆ. ಉದ್ಘಾಟನೆಗೆ ನಾಲ್ಕೇ ದಿನ ಉಳಿದಿತ್ತು. ಅವರ ಮೇಜಿನ ತುಂಬ ಆಮಂತ್ರಣ ಪತ್ರಿಕೆ. "ಕಂಪ್ಯೂಟರ್ ನಡೀತಾವಿಲ್ಲೋ?" ಅಂದರು. "ನಡೀತಾವ್ರಿ." "ಎರಡೂ ಕೇಬಲ್ ಅದಾವಿಲ್ಲೋ?" "ಅದಾವ್ರಿ." "ಮತ್ತ ಯಾತಕ್ಕ ಒಡೀಬೇಕವ್ವಾ ಹೊಸಾ ಗ್ವಾಡಿ? ನಿನಗೇನು ತಲಿಗಿಲಿ ಕೆಟ್ಟೈತೇನು?"

ಬಾಯಿಮಾತಿಗೆ ಬಗ್ಗುವವರಲ್ಲ ಅವರು ಅಂತ ಗೊತ್ತಿತ್ತು. "ಸರ್, ಹತ್ತ ನಿಮಿಷ ನನ್ನ ಜೊತಿ ಬರ್ರಿ. ಆಮ್ಯಾಲ ನೀವು ಹೆಂಗ ಹೇಳ್ತೀರಿ ಹಂಗ" ಅಂದೆ. ಹೊಸ ಕಟ್ಟಡದಲ್ಲಿ ರಕ್ತದ ಫ್ರಿಜ್ಜು ನೋಡಿಕೊಳ್ಳುವ ಶಾಂತಾ ಸಿಸ್ಟರನ್ನು ಅವರ ಕಂಪ್ಯೂಟರಿನ ಮುಂದೆ ಕೂರಿಸಿದೆ. ಡಾಕ್ಟರನ್ನು ಹಳೆಯ ಕಟ್ಟಡದ ಕಂಪ್ಯೂಟರಿನ ಮುಂದೆ ಕೂರಿಸಿದೆ. ಇನ್ನೂ ನಿಜವಾದ ಮಾಹಿತಿ ಹಾಕಿರಲಿಲ್ಲ, ಪರೀಕ್ಷೆಗೆಂದು ಸುಳ್ಳು ಹೆಸರು, ಸುಳ್ಳು ಚೀಲ ಇದ್ದವು. ಪೈಪು ಕಡಿದರೆ ಏನಾಗುತ್ತದೋ ಅದನ್ನೇ ಮಾಡಿದೆ. ಎರಡೂ ಕೇಬಲ್ಲನ್ನು ಒಟ್ಟಿಗೆ ಕಿತ್ತೆ.

ಡಾಕ್ಟರು ಏಳನೇ ನಂಬರಿನ ಚೀಲವನ್ನು ಗಂಗಮ್ಮ ಅನ್ನುವ ಹೆಸರಿಗೆ ಕೊಟ್ಟರು. "ನೀಡಲಾಗಿದೆ" ಅಂತ ಬಂತು. ಆಚೆ ಬದಿಯಿಂದ ಶಾಂತಾ ಸಿಸ್ಟರ್ ಫೋನಿನಲ್ಲಿ, "ಸರ್, ನಾನೂ ಏಳನೇ ಚೀಲಾನ ಲಕ್ಷ್ಮವ್ವಗ ಕೊಟ್ಟೀನ್ರಿ. ತಗೊಂಡೈತಿ" ಅಂದರು. ಒಂದೇ ಚೀಲ ರಕ್ತ ಇಬ್ಬರ ಹೆಸರಿಗೆ ಹೋಗಿತ್ತು. ಎರಡೂ ಕಂಪ್ಯೂಟರು ಒಂಚೂರೂ ನಾಚಿಕೆಯಿಲ್ಲದೆ ಎಲ್ಲ ಸರಿ ಇದೆ ಅಂತ ತೋರಿಸುತ್ತಿದ್ದವು.

ಡಾಕ್ಟರು ಫೋನು ಕೆಳಗಿಟ್ಟರು. ಆಪರೇಷನ್ ಟೇಬಲ್ಲಿನ ಮೇಲೆ ಹೆಣ್ಣುಮಗಳೊಬ್ಬಳ ರಕ್ತ ಹೋಗುತ್ತಿರುವಾಗ ಫ್ರಿಜ್ಜಿಗೆ ಓಡಿದ ಸಿಸ್ಟರಿಗೆ ಖಾಲಿ ತಟ್ಟೆ ಸಿಕ್ಕರೆ ಏನಾಗುತ್ತದೆ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಎದ್ದು, "ಒಡಿ. ಆದರ ಎರಡ ದಿನದಾಗ ಗ್ವಾಡಿ ಮೊದಲಿನಂಗ ಆಗಬೇಕು. ಆಗಲಿಲ್ಲಂದ್ರ ನೀ ಬ್ಯಾರೆ ಕಡೆ ಕೆಲಸ ನೋಡಿಕೊ" ಅಂದರು. ತಮಾಷೆಗೆ ಹೇಳಿದ್ದಲ್ಲ ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಗಂಡನ ಕೆಲಸ ಆಗಷ್ಟೇ ಹೋಗಿತ್ತು, ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲೇ.

ಬಸಣ್ಣನಿಗೆ ಹೇಳಿ ಕಳಿಸಿದೆ, ಬರಲಿಲ್ಲ. ಇನ್ನೊಮ್ಮೆ ಹೇಳಿ ಕಳಿಸಿದೆ, ಕೆಳಗೆ ಚಹಾ ಕುಡಿಯುತ್ತಾ ಕೂತಿದ್ದಾನೆ ಅಂದರು. ನೋಡಿದೆ, ನೋಡಿದೆ, ಸಿಟ್ಟು ನೆತ್ತಿಗೇರಿತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನದೇ ಉಳಿ ಸುತ್ತಿಗೆ ತಗೊಂಡು ಮಾಳಿಗೆ ಹತ್ತಿದೆ. ಕೈಗೋಡೆಗೆ ಉಳಿ ಇಟ್ಟು ನಾಲ್ಕು ಏಟು ಹಾಕಿದೆ. ಎರಡು ಗೋಡೆಗೆ, ಎರಡು ನನ್ನ ಹೆಬ್ಬೆರಳಿಗೆ ಬಿದ್ದವು.

ಸದ್ದು ಕೇಳಿ ಬಸಣ್ಣ ಮೆಟ್ಟಿಲು ಹತ್ತಿ ಓಡಿಬಂದ. "ಅಯ್ಯಯ್ಯ, ಅಯ್ಯಯ್ಯ! ಕೊಡವ್ವ ಇಲ್ಲಿ! ಗ್ವಾಡಿ ಒಡೀಬೇಕಂದ್ರೂ ಅದಕ್ಕ ಒಂದು ರೀತಿ ಐತಿ" ಅಂತ ಉಳಿ ಕಿತ್ತುಕೊಂಡ. ನನ್ನ ಬೆರಳು ನೋಡಿ, "ಹೋಗಿ ಮದ್ಲ ಪಟ್ಟಿ ಕಟ್ಟಿಸಿಕೊ. ಪುಣ್ಯಾಕ್ಕ ದವಾಖಾನಿ ಇಲ್ಲೇ ಐತಿ" ಅಂದ. ಸಿಟ್ಟಿನಲ್ಲೂ ನಗು ಬಂತು. ಪಟ್ಟಿ ಕಟ್ಟಿಸಿಕೊಂಡು ಬಂದು ಅವನ ಪಕ್ಕದಲ್ಲೇ ಕೂತು, ಏಳನೇ ಚೀಲದ ಕಥೆಯನ್ನು ಮೊದಲಿಂದ ಕಡೆತನಕ ಹೇಳಿದೆ. ಅವನು ಸುತ್ತಿಗೆ ಕೆಳಗಿಟ್ಟ. "ಇದನ್ನ ಅವತ್ತ ಹೇಳಬೇಕಿತ್ತಿಲ್ಲೋ? ನೀ ಬರೇ ಕೆಂಪು ಗೆರಿ, ನೀಲಿ ಗೆರಿ ತೋರ್ಸಿದಿ" ಅಂದ. ಮಾತು ನಿಜವಾಗಿತ್ತು. ನಕ್ಷೆ ತೋರಿಸಿದ್ದೆ, ಕಾರಣ ಹೇಳಿರಲಿಲ್ಲ. ಗೌಂಡಿಗೆ ಕಾರಣ ಯಾಕೆ ಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತೇನೋ, ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಅದು ಅವನ ಕೆಲಸವೇ ಆಗಿಹೋಯಿತು. ನನ್ನ ಹಾದಿಯನ್ನೂ ಬದಲಿಸಿದ. ಮುಂಭಾಗ ಬಿಟ್ಟು, ಕಟ್ಟಡದ ಬದಿಯ ನೀರಿನ ಟಾಕಿಯ ಕಡೆಯಿಂದ ಕೇಬಲ್ ಎಳೆದರೆ ರಸ್ತೆಯಿಂದ ಕಾಣುವುದೂ ಇಲ್ಲ, ಕೆಳಗಿನ ಪೈಪಿಗೂ ಅದಕ್ಕೂ ಸಂಬಂಧವೂ ಇರುವುದಿಲ್ಲ ಅಂದ. ಒಡೆದದ್ದು ಅಂಗೈಯಗಲ ಗೋಡೆ, ಅಷ್ಟೇ. ನಾನು ಉಳಿ ಹೊಡೆದು ಹಾಳು ಮಾಡಿದ್ದೇ ಅದಕ್ಕಿಂತ ಹೆಚ್ಚಿತ್ತು.

ಎರಡನೇ ದಿನ ಎಲ್ಲ ಮುಗಿದು ದೀಪಗಳು ಹತ್ತಿದವು. ಒಂದು ಕೇಬಲ್ ಕಿತ್ತು ನೋಡಿದೆ, ಸರ್ವರುಗಳು ಅಲುಗಾಡಲಿಲ್ಲ. ಅದನ್ನು ಮತ್ತೆ ಹಾಕಿ ಇನ್ನೊಂದನ್ನು ಕಿತ್ತು ನೋಡಿದೆ, ಆಗಲೂ ಅಷ್ಟೇ. ಸೊಂಟದ ಮೇಲೆ ಕೈ ಇಟ್ಟು, "ಹೆಂಗ ಕಾಕಾ?" ಅಂದೆ. ಬಸಣ್ಣ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮೇಜಿನ ಕೆಳಗೆ ಇಣುಕುತ್ತಿದ್ದ.

"ಯವ್ವಾ, ಒಂದ ಮಾತು ಕೇಳ್ಲಿ? ಮ್ಯಾಲಿಂದು ಬಂದು ಈ ಪೆಟಿಗಿಗೆ ಸೇರತೈತಿ, ಕೆಳಗಿಂದು ಬಂದು ಆ ಪೆಟಿಗಿಗೆ ಸೇರತೈತಿ. ಹೌದಿಲ್ಲೋ?"

"ಹೌದು."

"ಎರಡೂ ಪೆಟಿಗಿ ಪ್ಲಗ್ಗು ಈ ಒಂದ ಬೋರ್ಡಿನ್ಯಾಗ ಚುಚ್ಚೀದಿ. ಕಸಾ ಹೊಡ್ಯಾಕಿ ಬಂದು ಈ ಗುಂಡಿ ಆರಿಸಿದ್ಲಂದ್ರ?"

ನಾನು ಬಗ್ಗಿ ನೋಡಿದೆ. ಪೇಟೆಯಲ್ಲಿ ಸಿಗುವ ಸಾದಾ ಎಕ್ಸ್‌ಟೆನ್ಷನ್ ಬೋರ್ಡು. ಎರಡು ಪ್ಲಗ್ಗು, ಒಂದೇ ಗುಂಡಿ. ನಾನೇ ನನ್ನ ಕೈಯಾರೆ ಚುಚ್ಚಿದ್ದು. ಎರಡು ಕೇಬಲ್ಲನ್ನು ಒಂದೇ ಪೈಪಿಗೆ ಹಾಕಿದ ಅಂತ ಊರಿಗೆಲ್ಲ ಕೇಳುವಂತೆ ಕೂಗಾಡಿದವಳು ನಾನು. ಮಾಡಿದ್ದು ಅವನು ಮಾಡಿದ್ದನ್ನೇ. ಅವನಿಗಾದರೂ ಯಾರೂ ಕಾರಣ ಹೇಳಿರಲಿಲ್ಲ, ಕಾರಣ ಬಲ್ಲವಳು ನಾನು. ಮುಖ ಎಲ್ಲಿಡಲಿ ಅನ್ನಿಸಿತು. ಬಸಣ್ಣ ಆಡಿಕೊಳ್ಳಲಿಲ್ಲ. "ಇರ್ಲಿ ಬಿಡು. ಎರಡು ಕಣ್ಣು ನೋಡಿದ್ದಕ್ಕಿಂತ ನಾಕು ಕಣ್ಣು ನೋಡಿದ್ರ ಛಲೋನ" ಅಂತ ಲ್ಯಾಬಿನ ಲೈನಿನಿಂದ ಬೇರೆ ಕರೆಂಟು ಎಳೆಸಿಕೊಟ್ಟ. ಕರೆಂಟು ಹೋದಾಗ ಆಸರೆಗೆಂದು ತಂದಿದ್ದ ಎರಡು ಬ್ಯಾಟರಿಗಳಲ್ಲಿ ಒಂದನ್ನು ಅದಕ್ಕೇ ಜೋಡಿಸಿದೆವು. ಸಂಜೆ ಡಾಕ್ಟರು ಬಂದು ಗೋಡೆಯ ಮೇಲೆ ಕೈಯಾಡಿಸಿ ನೋಡಿದರು. ಎಲ್ಲಿ ಒಡೆದಿದ್ದರು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ನನ್ನ ಕೆಲಸ ಉಳಿಯಿತು.

ಉದ್ಘಾಟನೆ ಮುಗಿದು ಎರಡು ತಿಂಗಳಾಗಿರಬಹುದು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ಒಂದು ಹಳದಿ ಗೆರೆ ಮೂಡಿತು. ಕೆಳಗಿನ ಕೇಬಲ್ ಮಾತಾಡುತ್ತಿಲ್ಲ ಅಂತ ಅದರ ಅರ್ಥ. ಹೊರಗೆ ಓಡಿದೆ. ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ರಸ್ತೆಯ ಅಂಚನ್ನು ಬಗೆದು ನಿಂತಿತ್ತು. ಅದರ ಬಕೆಟ್ಟಿನ ಹಲ್ಲಿಗೆ ನಮ್ಮ ಪೈಪು ಮುರಿದು ನೇತಾಡುತ್ತಿತ್ತು. ಡ್ರೈವರ್ ಕೆಳಗಿಳಿದು, "ನೀರಿನ ಪೈಪೇನ್ರಿ ಅಕ್ಕಾರ? ನೀರ ಬರವಲ್ದಲ್ಲ" ಅಂದ.

ಮೊದಲು ಆಸ್ಪತ್ರೆಯದೇ ಔಷಧ ಅಂಗಡಿಗೆ ಓಡಿದೆ. "ಕಂಪ್ಯೂಟರ್ ನಿಂತಿತ್ತೇನು?" ಅಲ್ಲಿದ್ದವ ತಲೆ ಎತ್ತದೆ, "ಇಲ್ರಿ, ಯಾಕ?" ಅಂದ. ಲ್ಯಾಬಿಗೆ ಓಡಿದೆ. "ನಿಮ್ಮದು ನಿಂತಿತ್ತೇನು?" "ಇಲ್ಲ ಮೇಡಂ, ನಿಲ್ಲೂದೈತೇನು?" ಹೆರಿಗೆ ವಾರ್ಡಿಗೆ ಓಡಿದೆ, ಅಲ್ಲಿಯೂ ಇಲ್ಲ. ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೂ ಏನೂ ಗೊತ್ತಾಗಿರಲಿಲ್ಲ. ನಿಜ ಹೇಳಬೇಕಂದರೆ ಒಂದು ಕ್ಷಣ ನನಗೆ ಬೇಜಾರೇ ಆಯಿತು. ಅರೆ, ಒಬ್ಬರಾದರೂ ಗಾಬರಿಯಾಗಬಾರದೇ!

ರಕ್ತದ ಫ್ರಿಜ್ಜಿನ ಹತ್ತಿರ ಹೋದಾಗ ಶಾಂತಾ ಸಿಸ್ಟರ್ ಮಾತ್ರ ಕೈ ಬೀಸಿ, "ರೇಣುಕಾ, ಈಗ ಮಾತಾಡಸಬ್ಯಾಡ" ಅಂದರು. ಕುಷ್ಟಗಿಯ ಕಡೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನಂತರ ರಕ್ತ ನಿಲ್ಲುತ್ತಿರಲಿಲ್ಲ. ಹಳೆಯ ಕಟ್ಟಡದಿಂದ ಕಂಪ್ಯೂಟರಿನಲ್ಲಿ ರಕ್ತ ಕೇಳಿದ್ದರು. ಅದೇ ಹೊತ್ತಿಗೆ ಆಪರೇಷನ್ ಕೋಣೆಯವರೂ ಅದೇ ಗುಂಪು ಕೇಳಿದ್ದರು. ಫ್ರಿಜ್ಜಿನಲ್ಲಿ ಆ ಗುಂಪಿನ ಚೀಲ ಇದ್ದದ್ದು ಎರಡು. ನಾನು ನನ್ನ ಕೋಣೆಗೆ ಬಂದು ದಾಖಲೆ ತೆಗೆದೆ. ಹಳದಿ ಗೆರೆ ಮೂಡಿದ ಎರಡು ನಿಮಿಷದ ಮೇಲೆ ಒಂದು ಚೀಲ ಆ ಬಾಣಂತಿಯ ಹೆಸರಿಗೆ ಹೋಗಿತ್ತು. ಅದರ ಹಿಂದೆಯೇ ಇನ್ನೊಂದು ಚೀಲ ಆಪರೇಷನ್ ಕೋಣೆಗೆ. ಎರಡೂ ಕಟ್ಟಡದ ದಾಖಲೆ ಹೋಲಿಸಿದೆ. ಒಂದು ಚೀಲಕ್ಕೆ ಒಂದೇ ಹೆಸರು. ಕುರ್ಚಿಯಲ್ಲಿ ಕೂತು ಸುಮ್ಮನೆ ಅತ್ತೆ.

ಆಮೇಲೆ ಡಾಕ್ಟರಿಗೆ ಹೇಳಿದೆ. ಅವರು ಕಿಟಕಿಯಿಂದ ಜೆಸಿಬಿ ನೋಡಿ, ನನ್ನ ಕಡೆ ನೋಡಿ, "ಶಾಬಾಸ್" ಅಂದರು. ಅವರ ಬಾಯಿಂದ ಅದು ಬಂದದ್ದು ಅದೇ ಮೊದಲು. ಆದರೆ ನನಗೆ ಹೇಳಬೇಕಾಗಿದ್ದವನು ಬೇರೆ ಇದ್ದ. ಬಸಣ್ಣ ಆಗ ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಗೋದಾಮು ಕಟ್ಟುತ್ತಿದ್ದ. ಫೋನು ಮಾಡಿದೆ.

"ಕಾಕಾ, ಕೇಬಲ್ ಕಡೀತು."

"ಯಾವ್ದು?"

"ಕೆಳಗಿಂದು. ಜೆಸಿಬಿ ಕಡೀತು."

"ಮ್ಯಾಲಿಂದು?"

"ಗಟ್ಟಿ ಐತಿ. ಯಾರಿಗೂ ಗೊತ್ತಾಗಿಲ್ಲ ಕಾಕಾ."

"ಬರಾಕತ್ತೀನಿ, ತಡಿ" ಅಂದ.

ನಾಲ್ಕು ಗಂಟೆಯ ಹೊತ್ತಿಗೆ ಬಸ್ಸಿಳಿದು ಬಂದೇಬಿಟ್ಟ. ತಲೆಯಲ್ಲಿ ಸಿಮೆಂಟಿನ ಪುಡಿ ಹಾಗೇ ಇತ್ತು. ಸರ್ವರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ನೋಡಲಿಕ್ಕೆ ಅಲ್ಲಿ ಏನಿದೆ? ಒಂದು ಪೆಟ್ಟಿಗೆಯ ದೀಪ ಆರಿತ್ತು, ಇನ್ನೊಂದರದ್ದು ಮಿನುಗುತ್ತಿತ್ತು. ಅಷ್ಟೇ. ಬಸಣ್ಣ ಕೈಕಟ್ಟಿ ನಿಂತು ಅದನ್ನೇ ನೋಡಿದ, ಬಹಳ ಹೊತ್ತು ನೋಡಿದ. ನಂತರ ಹೊರಗೆ ಬಂದು ಟಾಕಿಯ ಬದಿಗೆ ತಲೆ ಎತ್ತಿ ಕೇಬಲ್ಲನ್ನೂ, ತಾನು ಮುಚ್ಚಿದ ಗೋಡೆಯನ್ನೂ ನೋಡಿದ. "ಸೊಟ್ಟ ಇಲ್ಲಲ್ಲ?" ಅಂತ ನನ್ನನ್ನು ಕೇಳಿದ. "ನೆಟ್ಟಗೈತಿ ಕಾಕಾ" ಅಂದೆ.

ನಾವು ವರಾಂಡಕ್ಕೆ ಮರಳುವಷ್ಟರಲ್ಲಿ ಒಬ್ಬ ಮುದುಕಿ ಪೇಡೆಯ ಪೊಟ್ಟಣ ಹಿಡಿದು ಕಂಡಕಂಡವರಿಗೆಲ್ಲ ಹಂಚುತ್ತಾ ಬಂದಳು. ಕುಷ್ಟಗಿಯ ಆ ಬಾಣಂತಿಯ ಅತ್ತೆ. "ಸೊಸಿ ಕಣ್ಣ ಬಿಟ್ಲು ನೋಡವ್ವ, ಮೊಮ್ಮಗಳೂ ಆರಾಮ ಅದಾಳ. ತಗೋರಿ, ಬಾಯಿ ಸಿಹಿ ಮಾಡಿಕೋರಿ" ಅಂತ ನನ್ನ ಕೈಗೊಂದು, ಬಸಣ್ಣನ ಕೈಗೊಂದು ಇಟ್ಟಳು. ಅವನ ಸಿಮೆಂಟು ತಲೆ, ಮಾಸಿದ ಅಂಗಿ ನೋಡಿ, ಪಾಪ ಇವನೂ ಯಾರನ್ನೋ ನೋಡಲು ಬಂದಿರಬೇಕು ಅಂದುಕೊಂಡಳು. "ನೀ ಯಾರ ಕಡ್ಯಾವಪ್ಪಾ? ನಿಮ್ಮ ಪೇಶಂಟು ಹೆಂಗದಾರ?" ಅಂತ ಕೇಳಿದಳು.

ಬಸಣ್ಣ ನನ್ನ ಮುಖ ನೋಡಿದ. ನಾನು ಹೇಳಲು ಬಾಯಿ ತೆರೆದೆ. ಅವನು ಬೇಡ ಅಂತ ಕಣ್ಣಲ್ಲೇ ತಡೆದು, ಪೇಡೆ ಬಾಯಿಗೆ ಹಾಕಿಕೊಂಡು, "ಆರಾಮದಾರಬೇ ಯವ್ವಾ, ಎಲ್ಲಾರೂ ಆರಾಮದಾರ" ಅಂದ. ಮುದುಕಿ ಮುಂದಿನವರಿಗೆ ಹಂಚಲು ಹೋದಳು.

ಆಮೇಲೆ ನಾನು ಬೇರೆ ಕಡೆ ಇದಕ್ಕಿಂತ ದೊಡ್ಡ ದೊಡ್ಡ ಸರ್ವರುಗಳಿಗೆ ದಾರಿ ಹಾಕಿಸಿದ್ದೇನೆ, ಪ್ರಮಾಣಪತ್ರ ಪಡೆದಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆ ಯಾವುದೂ ಅಂದು ಆಸ್ಪತ್ರೆಯ ವರಾಂಡದಲ್ಲಿ ತಿಂದ ಪೇಡೆಗೆ ಸಮ ಬರಲಿಲ್ಲ. ಏನೂ ಆಗಲಿಲ್ಲ ಅನ್ನುವುದನ್ನು ಕಣ್ಣಾರೆ ನೋಡಲು ಗಂಗಾವತಿಯಿಂದ ಕೆಲಸ ಬಿಟ್ಟು ಬಂದ ಮನುಷ್ಯನ ಪಕ್ಕದಲ್ಲಿ ನಿಂತಿದ್ದೆನಲ್ಲ, ಆ ಹೆಮ್ಮೆ ನನಗೆ ಈ ಜನ್ಮಕ್ಕೆ ಸಾಕು.